ನಾಲ್ಕೂ ಬೋರಲು

ಸಂಹಿತಾ ಸ್ಟೂಲ್ ಹತ್ತಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಕೈಯಾಡಿಸುತ್ತಿದ್ದಳು. ಬಾಯಿಗೆ ಹಾಕುವ ಅಕ್ಕಿ ಆಗಲೇ ಕೆಳಗೆ ಹೋಗಿತ್ತು. ಬೇಕಾಗಿದ್ದದ್ದು ಕವಡೆಯ ಡಬ್ಬಿ. ತಾನೇ ಬಚ್ಚಿಟ್ಟದ್ದು, ಆದರೂ ಸಿಗುತ್ತಿರಲಿಲ್ಲ.

“ವ್ಯಾನ್ ಬಂದಿದೆ ಕಣೆ, ಲೇಟ್ ಆಗತ್ತೆ,” ಎಂದರು ಪಕ್ಕದ ಮನೆಯ ಮೀರಾ.

“ಐದು ನಿಮಿಷ ಆಂಟಿ. ಅಜ್ಜಿಗೆ ಕೊಡ್ಬೇಕಂತೆ, ಶ್ರೀಯಾ ಹಟ ಮಾಡ್ತಿದಾಳೆ.”

ತೀರಿಕೊಂಡ ಅಮ್ಮ ಜಲಜಾಳನ್ನು ಕೆಳಗೆ, ಕಟ್ಟಡದ ಬುಡದಲ್ಲಿ ತೆರೆದ ಹಜಾರದಂತಿದ್ದ ವಾಯ್ಡ್ ಡೆಕ್‌ನಲ್ಲಿ, ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಬುಕಿತ್ ಬಾಟೋಕ್‌ನ ಆ ಬ್ಲಾಕಿನ ಮಕ್ಕಳಿಗೆ ಆಕೆ ಏಳು ವರ್ಷ, ಶನಿವಾರ ಶನಿವಾರ, ಲೆಕ್ಕ ಹೇಳಿಕೊಟ್ಟದ್ದೂ ಅಲ್ಲೇ. ಪುಸ್ತಕವಿಲ್ಲ, ಬೋರ್ಡಿಲ್ಲ. ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ, ನಾಲ್ಕು ಕವಡೆ, ಅಷ್ಟೇ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ನಾಲ್ಕೂ ಬೋರಲು ಬಿದ್ದರೆ ಮಾತ್ರ ಎಂಟು, ಜೊತೆಗೆ ಇನ್ನೊಂದು ಸಲ ಹಾಕುವ ಅವಕಾಶ. ಮಗ್ಗಿ ಎಂದರೆ ಅಳುತ್ತಿದ್ದವರೂ ಮನೆ ಎಣಿಸುತ್ತ ಕೂಡುವುದು, ಕಳೆಯುವುದು ಕಲಿತಿದ್ದರು.

*

ಕಳೆದ ವರ್ಷ ಸಂಹಿತಾಳ ಮಗಳು ಶ್ರೀಯಾಳ ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ ಇರುವ ನಾಲ್ಕು ಬಿಲ್ಲೆ ಎಸೆದಾಗ ನಾಲ್ಕೂ ಬಿಳಿ ಬಿದ್ದರೆ, ಕೆಂಪು ಎಷ್ಟು? ಶ್ರೀಯಾ ಎಂಟು ಎಂದು ಬರೆದಿದ್ದಳು.

“ಅದು ಝೀರೋ ಅಮ್ಮಾ. ಎಂಟು ಯಾವ ಮ್ಯಾಥ್ಸ್? ಸಾಕು, ಅವಳನ್ನ ಟ್ಯೂಷನ್‌ಗೆ ಶಿಫ್ಟ್ ಮಾಡ್ತೀನಿ,” ಎಂದು ಸಂಹಿತಾ ಜಲಜಾಳ ಮೇಲೆ ರೇಗಿದ್ದಳು.

ಕವಡೆ ಕಪಾಟು ಸೇರಿತು, ಶನಿವಾರದ ಆಟ ನಿಂತಿತು. ತಾನು ಹೆಚ್ಚು ಮಾತಾಡಿದೆ ಎಂದು ಸಂಹಿತಾಳಿಗೆ ಅಂದೇ ಅನಿಸಿತ್ತು. ನಾಳೆ ತಪ್ಪಾಯಿತೆಂದು ಹೇಳಿದರಾಯಿತು ಎಂದುಕೊಂಡೇ ವರ್ಷ ಕಳೆಯಿತು.

*

ಡಬ್ಬಿ ಸಿಕ್ಕಿತು. ಕೆಳಗೆ ಅಪ್ಪ ವೆಂಕಟೇಶಮೂರ್ತಿ ಕುರ್ಚಿಯಲ್ಲಿ ಕೂತಿದ್ದರು. ಸಂಹಿತಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಪ್ಪಾ, ಅಮ್ಮಂಗೆ ನನ್ಮೇಲೆ ಬೇಜಾರಿತ್ತಾ?”

ಸಮಾಧಾನಕ್ಕೆಂದು ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

“ಇತ್ತು. ಶನಿವಾರ ಬಂದ್ರೆ ಇಲ್ಲಿ ಸುಮ್ನೆ ಕೂತಿದ್ದು ಬರ್ತಿದ್ಲು.”

ಸಂಹಿತಾಳಿಗೆ ಅಳು ಬಂತು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು.

ಶ್ರೀಯಾ ಕವಡೆಗಳನ್ನು ಅಜ್ಜಿಯ ಸೀರೆಯ ಮೇಲೆ ಒಂದೊಂದಾಗಿ ಇಟ್ಟಳು. ನಾಲ್ಕೂ ಬೋರಲು.

“ಎಂಟು,” ಎಂದಳು. “ಅಜ್ಜಿಗೆ ಇನ್ನೊಂದ್ ಟರ್ನ್ ಇದೆ.”

ಮುಚ್ಚಳ ತಂದವರ ಕೈ ತಗುಲಿ ಪೆಟ್ಟಿಗೆ ಅಲುಗಿತು. ಒಂದು ಕವಡೆ ಮಗುಚಿ ಬಾಯಿ ಮೇಲಾಯಿತು. ಶ್ರೀಯಾ ಅಮ್ಮನ ಮುಖ ನೋಡಿದಳು.

ಸಂಹಿತಾ ಬಗ್ಗಿ ಅದನ್ನು ಮತ್ತೆ ಬೋರಲು ಹಾಕಿದಳು.