ಹೊಳೆ ತಿರುಗಿಸಿದವರು

ಸೌಮ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಮದುವೆಯಾದ ಮೇಲೆ ಮೂಲೆ ಸೇರಿದ್ದ ಕುಂಚ ಮತ್ತೆ ಹಿಡಿದು, ಕೆಂಗೇರಿ ಉಪನಗರದಿಂದ ಮುತ್ತತ್ತಿ ಹೊಳೆದಂಡೆವರೆಗೆ ಭಾನುವಾರಗಳಲ್ಲಿ ಅಲೆದು ಬಿಡಿಸಿದ ಚಿತ್ರ ಅದು. ದಡದ ತುಂಬ ಹೊಳೆಮತ್ತಿ ಮರ, ನೀರಲ್ಲಿ ಅವುಗಳ ನೆರಳು. ಗೆರೆಯೇ ಇಲ್ಲ, ಬರೀ ಬಣ್ಣದ ಚುಕ್ಕೆ, ತೇಪೆ. ಹತ್ತಿರದಿಂದ ಕಲಸುಮೇಲೋಗರ, ತುಸು ಹಿಂದೆ ಸರಿದರೆ ನೀರು ಮಿನುಗುತ್ತಿತ್ತು. ಪ್ರದರ್ಶನಕ್ಕೂ ಆಯ್ಕೆಯಾಗಿತ್ತು. ಒಯ್ಯಲು ಇವತ್ತು ಸಂಜೆ ವ್ಯಾನು ಬರಬೇಕು.

ಅಲ್ಲೀವರೆಗೆ ಹಾಲ್‌ನಲ್ಲಿರಲಿ ಅಂತ ಗೋಡೆಗೆ ತಗಲಿಹಾಕಿ ತವರಿಗೆ ಹೋಗಿ ಬರುವುದರೊಳಗೆ, ಗಂಡ ಗಿರಿರಾಜ್ ವಾಸ್ತು ನೋಡುವವನನ್ನು ಕರೆಸಿದ್ದ. ಹೊಳೆ ಬಾಗಿಲ ಕಡೆ ಹರೀತಿದೆ, ಮನೆ ಸಂಪತ್ತೆಲ್ಲ ಆಚೆ ಹೋಗುತ್ತೆ ಅಂದನಂತೆ ಅವನು. ಈ ಪುಣ್ಯಾತ್ಮ ಬೋರ್ಡ್ ಬರೆಯುವವನನ್ನು ಹಿಡಿದು ತಂದು ಹೊಳೆಯನ್ನೇ ತಿರುಗಿಸಿಬಿಟ್ಟಿದ್ದ! ಮರದ ನೆರಳ ಮೇಲೆಲ್ಲ ಎನಾಮಲ್ ಪೇಂಟಿನ ನೀಲಿ ಅಲೆ, ಬಿಳಿ ನೊರೆ. ಸಾಲದ್ದಕ್ಕೆ ಅಡುಗೆಮನೆ ಕಡೆ ಮುಖ ಮಾಡಿ ಈಜುತ್ತಿರುವ ಜೋಡಿ ಹಂಸ.

"ಇದು ಎತ್ತ ಹರೀತಿತ್ತು ಅಂತ ಯಾರ್ರೀ ಹೇಳಿದ್ದು?"

"ನೋಡಿದ್ರೆ ಗೊತ್ತಾಗಲ್ವೇನೇ?"

"ನಿಂತ ನೀರು ಕಣ್ರೀ ಅದು! ಹರಿಯೋ ನೀರಲ್ಲಿ ನೆರಳು ಅಷ್ಟು ನಿಚ್ಚಳವಾಗಿ ಬೀಳುತ್ತಾ? ನಿಮ್ಮ ಕಣ್ಣಿಗೆ ಮಣ್ಣು ಬಿದ್ದಿತ್ತಾ?"

"ಕೂಗಬೇಡ. ಚೆನ್ನಾಗೇ ಇದೆಯಲ್ಲ. ಬೇಡ ಅಂದ್ರೆ ಇನ್ನೊಂದು ಬಿಡಿಸಿದ್ರಾಯ್ತಪ್ಪ."

ಬಿಡಿಸಿದ್ರಾಯ್ತಂತೆ! ದೋಸೆ ಹುಯ್ಯೋದು ಅಂದುಕೊಂಡಿದ್ದಾನೆ. ಅವಳು ಟರ್ಪೆಂಟೈನ್ ಬಟ್ಟೆ ಹಿಡಿದು ಹಂಸದ ಕತ್ತು ಉಜ್ಜಿದಳು. ಬಿಳಿಯ ಜೊತೆಗೆ ಕೆಳಗಿನ ಹಸಿರೂ ಎದ್ದು ಬಂತು. ಇನ್ನು ಉಳಿಯುವ ಮಾತಿಲ್ಲ. ಪ್ರದರ್ಶನದವರಿಗೆ ಫೋನ್ ಮಾಡಿ, ವ್ಯಾನ್ ಕಳಿಸಬೇಡಿ ಅಂದಳು. ಯಾಕೆ ಮೇಡಂ ಅಂತ ಅವರು ಕೇಳಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಆ ನೀರಿನ ಮೇಲೂ ಅವಳಿಗೆ ಸಿಟ್ಟು ಬಂತು.

"ಬಾಗಿಲ ಕಡೆ ಹರಿಯೋದೇ ನಿಮಗೆ ತೊಂದರೆ ಆಗಿದ್ರೆ, ಎದುರು ಗೋಡೆಗೆ ತಗಲಿಹಾಕಬಹುದಿತ್ತಲ್ಲ? ಹೊಳೆ ತಾನಾಗೇ ಒಳಗೆ ಹರೀತಿತ್ತು."

"ಅಲ್ಲಿ ಟಿವಿ ಇದೆಯಲ್ಲೇ," ಅಂದ ಗಿರಿರಾಜ್, ಸೋಫಾದಿಂದಲೇ.

ಸೌಮ್ಯಶ್ರೀ ಸೀದಾ ಆ ಗೋಡೆಯ ಹತ್ತಿರ ಹೋದಳು. ಪ್ಲಗ್ ಕಿತ್ತು, ಟಿವಿಯನ್ನು ಗೋಡೆಯಿಂದ ಇಳಿಸಿ ಅವನ ತೊಡೆಯ ಮೇಲೇ ಇಟ್ಟಳು. ಇದ್ದಿಲ ಕಡ್ಡಿ ತೆಗೆದುಕೊಂಡು, ಹೋದ ಯುಗಾದಿಗೆ ಬಳಿಸಿದ್ದ ಕೆನೆಬಣ್ಣದ ಗೋಡೆಯ ಮೇಲೆ ಆ ತುದಿಯಿಂದ ನೇರ ಬಾಗಿಲವರೆಗೆ ಹೊಳೆಯ ದಡ ಎಳೆದಳು.

"ಏಯ್, ಗೋಡೆ ಕಣೇ ಅದು!"

"ಹೌದು. ಈ ಸಲ ತಿರುಗಿಸ್ಬೇಕಂದ್ರೆ ಮನೇನೇ ತಿರುಗಿಸ್ಬೇಕು. ತಿರುಗಿಸಿ, ನೋಡೋಣ."