ಮಟ್ಟ ನೋಡುವ ಪೈಪು

ಗಾರೆ ಕೆಲಸದವಳು ಬಕೆಟ್ಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಹಾಜರಿ ಪುಸ್ತಕದ ಮೇಲೆಲ್ಲ ನೀರು ಚೆಲ್ಲಿತು. ವಿಜ್ಞಾನದ ಮೇಷ್ಟ್ರು ಪುಸ್ತಕ ಎತ್ತಿಕೊಂಡು ಪ್ಯಾಂಟಿಗೆ ಒರೆಸಿದರು. ಏಳನೇ ತರಗತಿಯ ನಲವತ್ತು ಮಕ್ಕಳು ನೋಡುತ್ತ ಕೂತಿದ್ದರು.

"ಏನಮ್ಮಾ ಇದು? ಇದು ಸ್ಕೂಲೋ, ಮನೆ ಕಟ್ಟೋ ಜಾಗಾನೋ?"

"ನೀರು ಎರಡೂ ಕಡೆ ಒಂದೇ ಥರ ನಿಲ್ಲುತ್ತೆ ಸಾರ್. ಅದನ್ನ ತೋರ್ಸೋಕೇ ಬಂದಿದೀನಿ."

ಅವಳ ಮಗಳನ್ನು ಬಾಗಿಲಾಚೆ ನಿಲ್ಲಿಸಿ ಅಂದಿಗೆ ನಾಲ್ಕು ದಿನ. ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಡ್ರಮ್ಮಿನಲ್ಲೂ ಸಣ್ಣ ಕೊಳವೆಯಲ್ಲೂ ಒಂದೇ ಎತ್ತರಕ್ಕೆ ನೀರಿದ್ದರೆ ತಳದಲ್ಲಿ ಒತ್ತಡ ಎಲ್ಲಿ ಹೆಚ್ಚು? ನೀರು ಜಾಸ್ತಿ, ತೂಕ ಜಾಸ್ತಿ, ಆದ್ದರಿಂದ ಡ್ರಮ್ಮಿನಲ್ಲಿ ಎಂದು ಮೇಷ್ಟ್ರು ಹದಿನೆಂಟು ವರ್ಷದಿಂದ ಬರೆಸುತ್ತ ಬಂದಿದ್ದರು. ಹುಡುಗಿ ಎರಡೂ ಸಮ ಎಂದು ಬರೆದಳು. ಸೊನ್ನೆ ಬಿತ್ತು. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ? ಎದ್ದು ನಿಂತು, "ಡ್ರಮ್ಮಿನ ತಳಕ್ಕೆ ಬೀಳೋ ಬಲ ಜಾಸ್ತಿ ನಿಜ ಸಾರ್, ಆದ್ರೆ ತಳಾನೂ ಅಗಲ ಅಲ್ವಾ, ಹಂಚಿಹೋಗುತ್ತೆ. ನೀವು ಹೇಳಿದ್ದು ತಪ್ಪು," ಎಂದುಬಿಟ್ಟಳು. ಅದೂ ಇಡೀ ಕ್ಲಾಸಿನ ಮುಂದೆ! ತಪ್ಪಾಯಿತು ಅನ್ನುವವರೆಗೂ ಒಳಗೆ ಕಾಲಿಡಬೇಡ ಎಂದು ಮೇಷ್ಟ್ರು ಆಚೆ ಅಟ್ಟಿದರು. ಸೋಮವಾರ ವಾರ್ಷಿಕ ಪರೀಕ್ಷೆ. ಅಲ್ಲಿಯವರೆಗೂ ಹೀಗೇ ಇದ್ದರೆ ಅದಕ್ಕೂ ಕೂರಿಸುವುದಿಲ್ಲ ಎಂದಿದ್ದರು.

ತಾಯಿ ಬಕೆಟ್ಟಿನ ತಳಕ್ಕೆ ಕೂರಿಸಿಕೊಂಡು ತಂದಿದ್ದ ನಲ್ಲಿಗೆ ತನ್ನ ಪೈಪು ಸಿಕ್ಕಿಸಿದಳು. ಬೆರಳುಗಾತ್ರದ್ದು, ಒಳಗಿನ ನೀರು ಹೊರಗೆ ಕಾಣುವಂಥದು. ಗೋಡೆಯ ಈ ಮೂಲೆಗೂ ಆ ಮೂಲೆಗೂ ಮಟ್ಟ ಸಮವಿದೆಯೇ ಎಂದು ಅವಳು ದಿನವೂ ನೋಡುವುದು ಅದರಲ್ಲೇ. ಇನ್ನೊಂದು ತುದಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

"ನಿಮ್ಮ ಪ್ರಕಾರ ಬಕೆಟ್ಟು ಒತ್ತೋದು ಜಾಸ್ತಿ ತಾನೇ? ಹಾಗಾದ್ರೆ ಪೈಪಿನ ನೀರನ್ನ ತನಗಿಂತ ಮೇಲಕ್ಕೆ ದಬ್ಬಬೇಕು. ದಬ್ಬಲಿ, ನಾನೂ ನೋಡ್ತೀನಿ."

ನಲ್ಲಿ ತಿರುಗಿಸಿದಳು. ನೀರು ಪೈಪಿನಲ್ಲಿ ಸರಸರ ಏರಿತು, ಒಂದೆರಡು ಸಲ ಓಲಾಡಿತು, ಬಕೆಟ್ಟಿನ ನೀರಿನ ಮಟ್ಟಕ್ಕೆ ಬಂದು ನಿಂತಿತು. ಮುಂದಿನ ಬೆಂಚಿನವಳೊಬ್ಬಳು ಕಿಸಕ್ಕನೆ ನಕ್ಕಳು. ಮೇಷ್ಟ್ರು ಸ್ಕೇಲು ತಂದು ಎರಡನ್ನೂ ಅಳೆದರು. ಅವರ ಕಿವಿ ಕೆಂಪಾಗುವುದನ್ನು ನೋಡಿ ತಾಯಿಗೆ ಖುಷಿಯಾಯಿತು. ಅದನ್ನವಳು ಮುಚ್ಚಿಡಲೂ ಇಲ್ಲ.

"ಈಗೇನಂತೀರಿ?"

"ಬಕೆಟ್ಟು ಚಿಕ್ಕದು."

"ಡ್ರಮ್ಮು ಹೊತ್ಕೊಂಡು ಬರ್ಲಾ?"

ಮೇಷ್ಟ್ರು ಅವಳಿಗೆ ಬೆನ್ನು ಹಾಕಿ ಮಕ್ಕಳ ಕಡೆ ತಿರುಗಿದರು.

"ಒತ್ತಡ ಎಲ್ಲಿ ಹೆಚ್ಚು?"

ಮಕ್ಕಳು ಪೈಪಿನ ಕಡೆ ನೋಡಿದರು. ಮೇಷ್ಟ್ರು ಅಂಕಗಳ ಪುಸ್ತಕ ತೆರೆದು, ಪೆನ್ನಿನ ಕ್ಯಾಪು ತೆಗೆದರು.

"ಕೇಳಿಸಲಿಲ್ಲ."

"ಬಕೆಟ್ಟಿನಲ್ಲಿ ಸಾರ್!"

ನಲವತ್ತು ಗಂಟಲು ಒಟ್ಟಿಗೆ. ನಕ್ಕವಳದೇ ಎಲ್ಲರಿಗಿಂತ ಜೋರು.

"ಅಯ್ಯೋ, ಕಣ್ಣಿಲ್ವೇನ್ರೋ ನಿಮಗೆ? ಎದುರಿಗೇ ಇದೆಯಲ್ರೋ!" ತಾಯಿ ಕೂಗಿದಳು. ಒಬ್ಬರೂ ಅವಳ ಮುಖ ನೋಡಲಿಲ್ಲ.

ಮೇಷ್ಟ್ರು ಬಾಗಿಲ ಕಡೆ ನೋಡಿದರು. "ನೀನು?"

ಹುಡುಗಿ ಅಮ್ಮನ ಕೈಯಲ್ಲಿದ್ದ ಪೈಪನ್ನು ನೋಡಿದಳು. ಬೆಂಚಿನಲ್ಲಿ ಖಾಲಿಯಿದ್ದ ತನ್ನ ಜಾಗವನ್ನೂ ನೋಡಿದಳು. ಬೇಡ ಎಂದು ತಾಯಿ ತಲೆಯಾಡಿಸಿದಳು.

"ಬಕೆಟ್ಟಿನಲ್ಲಿ ಸಾರ್."

"ಒಳಗೆ ಬಾ."

ಹುಡುಗಿ ತಲೆ ತಗ್ಗಿಸಿ ಅಮ್ಮನನ್ನು ದಾಟಿ ಹೋಗಿ ಕೂತಳು, ನೋಟ್‌ಬುಕ್ ತೆರೆದಳು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯತೊಡಗಿದರು, ಮಕ್ಕಳು ಬರೆದುಕೊಳ್ಳತೊಡಗಿದರು. ಕೈ ಇಳಿಸಿದರೆ ನೀರು ನೆಲಕ್ಕೆಲ್ಲ ಚೆಲ್ಲುತ್ತದೆ ಎಂದು ತಾಯಿ ಪೈಪಿನ ತುದಿಯನ್ನು ಎತ್ತಿ ಹಿಡಿದು ಹಾಗೇ ನಿಂತಿದ್ದಳು.