ತಂಗಳು ಕ್ಯಾಸೆಟ್ಟು

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಗಂಡ ಕಲ್ಮೇಶನ ಹೆಗ್ಗಣ ಒಂದು ಕ್ಯಾಸೆಟ್ಟು. ಅದರ ಹೆಸರು ‘ತಂಗಳು’. ನಿನ್ನೆ ಉಳಿದದ್ದನ್ನು ಯಾರಾದರೂ ರೊಕ್ಕ ಕೊಟ್ಟು ಕೊಳ್ಳುತ್ತಾರೆಯೇ ಎಂದು ಯೋಚಿಸುವಷ್ಟು ಬುದ್ಧಿ ಅದನ್ನು ಮಾಡಿದ ನಾಲ್ವರಲ್ಲಿ ಒಬ್ಬನಿಗೂ ಇರಲಿಲ್ಲ.

ನಾಲ್ವರೂ ಮುದ್ದೇಬಿಹಾಳದ ಕಾಲೇಜಿನಲ್ಲಿ ಓದುತ್ತಿದ್ದರು, ಅಂದರೆ ಓದುತ್ತಿರಲಿಲ್ಲ. ‘ಎರಿ ಮಣ್ಣು’ ಅಂತ ಬ್ಯಾಂಡ್ ಕಟ್ಟಿದ್ದರು. ಹಾಡು ಬರೆದು ಹಾಡುವವನು ಕಲ್ಮೇಶ, ಗಿಟಾರು ಶ್ರೀಶೈಲ ಮತ್ತು ಮೆಹರಾಜ, ಡ್ರಮ್ಮು ಕಾಂತು. ತೊಂಬತ್ತೇಳರಲ್ಲಿ ಸೊಲ್ಲಾಪುರಕ್ಕೆ ಹೋಗಿ ರೆಕಾರ್ಡ್ ಮಾಡಿಸಿ ದೊಡ್ಡ ರಟ್ಟಿನ ಪೆಟ್ಟಿಗೆಗಳ ತುಂಬ ಕ್ಯಾಸೆಟ್ಟು ತಂದರು. ರಾಕ್ ಸಂಗೀತವಂತೆ. ಅದರಲ್ಲಿ ಪ್ರೀತಿಯಿಲ್ಲ, ದೇವರಿಲ್ಲ. ಬಾರದ ಬಸ್ಸಿಗೆ ಕಾಯುವವನ ಮೇಲೊಂದು ಹಾಡು, ಹಿಟ್ಟಿನ ಗಿರಣಿಯ ಮೇಲೊಂದು. ಕಲ್ಮೇಶ ಹಾಡಿದರೆ ಯಾರೋ ಅವನ ಕಾಲು ತುಳಿದು ನಿಂತ ಹಾಗೆ ಕೇಳಿಸುತ್ತಿತ್ತು. ಇಂಡಿ, ಸಿಂದಗಿ, ಬಾಗೇವಾಡಿಯ ಅಂಗಡಿಯವರು ಇಟ್ಟುಕೊಂಡು, ಧೂಳು ಕೂಡಿಸಿ, ವಾಪಸ್ ಕೊಟ್ಟರು.

“ಕತ್ತಿಗೇನ ಗೊತ್ತು ಕಸ್ತೂರಿ” ಅಂದನಂತೆ ಇವನು. ಕಸ್ತೂರಿ ಮಾರುವವರು ಗಿರಾಕಿಯನ್ನು ಕತ್ತೆ ಅನ್ನುವುದಿಲ್ಲ.

ಮೊದಲು ಕೈಬಿಟ್ಟವನು ಶ್ರೀಶೈಲ. ಲಗ್ನದ ಆರ್ಕೆಸ್ಟ್ರಾ ಸೇರಿ, ಬಿಳಿ ಬೂಟು ಹಾಕಿ, ಮಂದಿಯ ಹಾಡು ಹಾಡಿ ಹೆಸರು ಮಾಡಿದ. “ನಾನೂ ಒಮ್ಮೆ ತಂಗಳ ಉಂಡೇನಿ, ಇನ್ನೂ ಹೊಟ್ಟಿ ನೋಯ್ತೈತಿ” ಎಂದು ಮೈಕಿನಲ್ಲಿ ಹೇಳಿ ನಗಿಸುತ್ತಿದ್ದ. ಒಂದು ಮದುವೆಯಲ್ಲಿ ನಾವಿಬ್ಬರೂ ಊಟಕ್ಕೆ ಕೂತಾಗಲೇ ಹಾಗಂದ. ಕಲ್ಮೇಶ ಎಲೆಯಿಂದ ತಲೆ ಎತ್ತಲಿಲ್ಲ.

ಆ ಹೊತ್ತಿಗೆ ಇವನು ಝೆರಾಕ್ಸ್ ಅಂಗಡಿ ಇಟ್ಟಿದ್ದ. ಮನೆಗೆ ಯಾರು ಬಂದರೂ ‘ತಂಗಳು’ ಹಚ್ಚುತ್ತಿದ್ದ. ಬಂದವರಿಗೆ ತಟ್ಟನೆ ಬಸ್ಸಿನ ಹೊತ್ತು ನೆನಪಾಗುತ್ತಿತ್ತು. ಹೆಂಡತಿಗೆ ಹಿಡಿಯಲು ಬಸ್ಸಿಲ್ಲ, ಹಾಗಾಗಿ ಅಷ್ಟೂ ಹಾಡು ನನಗೆ ಬಾಯಿಪಾಠವಾದವು. ಕೊನೆಗೆ ಮನೆಯಲ್ಲಿದ್ದ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರೇ ನುಂಗಿತು. ಉಳಿದ ಪೆಟ್ಟಿಗೆಗಳು ಹೊರ್ತಿಯಲ್ಲಿ ನಮ್ಮ ಮಾವ ಧರೆಪ್ಪನವರ ಅಟ್ಟದ ಮೇಲಿದ್ದವು.

ಎರಡು ಸಾವಿರದ ಐದರ ಸಂಕ್ರಾಂತಿ ಮುಗಿದ ಮೇಲೆ ಶ್ರೀಶೈಲ ಕಾರಿನಲ್ಲಿ ಬಂದ.

“ಕಲ್ಮ್ಯಾ, ಹುಬ್ಬಳ್ಳಿ ಕಂಪನಿಯವ್ರು ನನ್ನ ಸೀಡಿ ಮಾಡಾಕತ್ಯಾರ. ಹೊಸಾ ನಮೂನಿ ಹಾಡ ಬೇಕಂತ. ಆ ಬಸ್ಸಿನ ಹಾಡ ಕೊಡು. ಸೊಲ್ಲಾಪುರದ ಸ್ಟುಡಿಯೋ ಮುಚ್ಚೈತಿ, ನಿನ್ನ ಕಡೆ ಇರಬೇಕಲಾ?”

ಗಿರಾಕಿಗಳು ನಿಂತಿದ್ದಂತೆಯೇ ಕಲ್ಮೇಶ ಅಂಗಡಿಯ ಶಟರ್ ಎಳೆದ. ಮೂವರೂ ಹೊರ್ತಿಗೆ ಹೊರಟೆವು. ಇಂಡಿ ದಾಟಿದ ಮೇಲೆ ಶ್ರೀಶೈಲ ಉಳಿದದ್ದನ್ನೂ ಹೇಳಿದ: “ಬರದಾಂವ, ಹಾಡಿದಾಂವ ಅಂತ ಎಲ್ಲಾ ನನ್ನ ಹೆಸರ ಇರ್ತೈತಿ. ನಿನ್ನ ಹೆಸರ ಯಾರಿಗಿ ಗೊತ್ತೈತಿ ಹೇಳು?”

“ಇರ್ಲಿ ಬಿಡು. ಮಂದಿ ಕೇಳಿದ್ರ ಸಾಕು” ಅಂದ ಕಲ್ಮೇಶ.

ಹಿಂದಿನ ಸೀಟಿನಲ್ಲಿ ಕೂತ ನನಗೆ ಹೇಸಿಗೆಯಾಯಿತು. ಹಾಡು ಕೆಟ್ಟದ್ದಿರಲಿ, ಅದು ಇವನದು. ಮುದ್ದಿನ ಹೆಗ್ಗಣವನ್ನು ಬಿಳಿ ಬೂಟಿನವನಿಗೆ ದತ್ತು ಕೊಡಲು ಹೊರಟಿದ್ದ.

ಹೊರ್ತಿ ಮುಟ್ಟಿದಾಗ ಮಾವ ಹೊಲದಲ್ಲಿದ್ದರು. ಜೋಳ ಹಾಲುಗಾಳಾಗಿತ್ತು. ಆಗ ಹಕ್ಕಿ ಹೆದರಿಸಲು ಕೆಟ್ಟ ಕ್ಯಾಸೆಟ್ಟಿನ ರೀಲು ಬಿಚ್ಚಿ ತೆನೆಗಳ ಮೇಲೆ ಎಳೆದು ಕಟ್ಟುವುದು ನಮ್ಮ ಕಡೆಯ ರೂಢಿ. ಗಾಳಿಗೆ ಅದು ಮಿಂಚುತ್ತದೆ, ಭರ್ ಅನ್ನುತ್ತದೆ. ಮಾವನವರ ಹೊಲ ಈ ತುದಿಯಿಂದ ಆ ತುದಿಯವರೆಗೆ ಮಿಂಚುತ್ತಿತ್ತು.

“ನಿನ್ನ ಕ್ಯಾಸೆಟ್ಟ ಭಾರಿ ಅದಾವ ಬಿಡೋ” ಅಂದರು ಮಾವ, ಮಗನನ್ನು ಜನ್ಮದಲ್ಲಿ ಮೊದಲ ಸಲ ಹೊಗಳುತ್ತ. “ಒಂದ ಹಕ್ಕಿ ಹಾಯವಲ್ದು. ಊರ ಮಂದೆಲ್ಲಾ ಬೇಡಿ ಬೇಡಿ ಒಯ್ದಾರ. ಒಂದೂ ಉಳದಿಲ್ಲ.”

ಪುಕ್ಕಟೆ ಕೊಟ್ಟರೂ ಮುಟ್ಟದಿದ್ದ ಜನ ಕೊನೆಗೂ ‘ತಂಗಳು’ ಕೇಳಿಕೊಂಡು ಬಂದಿದ್ದರು. ಶ್ರೀಶೈಲ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. “ಹಕ್ಕಿನೂ ಓಡಸ್ತಾವ ನೋಡ್ರಿ ಇವನ ಹಾಡ. ಇದನ್ನ ಸ್ಟೇಜ್ ಮ್ಯಾಲ ಹೇಳಬೇಕು.” ಕಣ್ಣು ಒರೆಸಿಕೊಂಡು ಕಿಸೆಯಿಂದ ಪೆನ್ನು ತೆಗೆದ. “ಹೋಗ್ಲಿ, ನಿನಗ ಬಾಯಿಲೆ ಬರ್ತೈತಲಾ. ಹಾಡು, ಬರ್ಕೋತೇನಿ.”

ಕಲ್ಮೇಶ ಒಂದು ರೀಲಿಗೆ ಬೆರಳು ತಾಗಿಸಿ ನಿಂತಿದ್ದ. ಅದರ ಭರ್ ಸದ್ದು ನಿಂತಿತು.

“ನೆನಪಿಲ್ಲ” ಅಂದ.

ಅವತ್ತು ಬೆಳಿಗ್ಗೆ ಬಚ್ಚಲಲ್ಲಿ ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದ್ದ, ದಿನಾ ಹಾಡುವ ಹಾಗೆ.

ಶ್ರೀಶೈಲ ನಂಬಲಿಲ್ಲ. ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದ. “ವೈನಿ, ನೀವು ದಿನಾ ಕೇಳ್ತಿದ್ರಿ. ನಿಮಗರ ನೆನಪೈತೇನ್ರಿ?”

ಕಲ್ಮೇಶ ನನ್ನನ್ನೇ ನೋಡುತ್ತಿದ್ದ.

“ಅಂಥಾ ಹಾಡ ಯಾರ ನೆನಪಿಡ್ತಾರ್ರಿ?” ಅಂದೆ.